ಮರಳಿ ಬಂದ ಬಿರಡೆಗಳು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಠಾಣೆಯ ಮೆಟ್ಟಿಲು ಹತ್ತಿದ ದೂರುದಾರ ಒಬ್ಬ ಲಿಫ್ಟ್ ಮೆಕ್ಯಾನಿಕ್. ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ಜತೆಗೆ ಅವನ ಅಕ್ಕ. ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. ಅಕ್ಕ ಕೂತಳು, ತಮ್ಮ ನಿಂತೇ ಇದ್ದ.

"ಏನು ಹೋಗಿದೆ?"

"ಗಿಟಾರ್, ಮೇಡಂ. ಎಲೆಕ್ಟ್ರಿಕ್ ಗಿಟಾರ್."

"ಹೊಸದಾ?"

"ಸೆಕೆಂಡ್ ಹ್ಯಾಂಡ್."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್ಸ್‌ಟೇಬಲ್ ತಲೆಯೆತ್ತಿದರು. ಠಾಣೆಯಲ್ಲಿ ಎಲ್ಲರಿಗೂ ಅವರು ಮೀಸೆಯಣ್ಣ. ಮೀಸೆ ಬೋಳಿಸಿ ವರ್ಷಗಳೇ ಕಳೆದಿದ್ದರೂ ಹೆಸರು ಮಾತ್ರ ಮುಖಕ್ಕೆ ಅಂಟಿಕೊಂಡು ಕೂತಿತ್ತು. "ಹಳೇ ಗಿಟಾರ್‌ಗೆ ಎಫ್‌ಐಆರ್ ಬೇಕೇನಪ್ಪಾ?"

"ತಗೊಂಡಾಗ ಹಳೇದು ಸಾರ್. ಈಗ ಅಲ್ಲ."

ಅವನು ಹೇಳುತ್ತಾ ಹೋದ. ಕೊಂಡಾಗ ಅದು ಅಗ್ಗದ ಗಿಟಾರ್. ಶ್ರುತಿ ನಿಲ್ಲುತ್ತಿರಲಿಲ್ಲ, ಸ್ಪೀಕರಿಗೆ ಸಿಕ್ಕಿಸಿದರೆ ದನಿಗಿಂತ ಗೊರಗೊರ ಸದ್ದೇ ಜಾಸ್ತಿ. ಆದರೆ ಮರ ಒಳ್ಳೆಯದು, ಹಿಡಿ ನೆಟ್ಟಗಿತ್ತು. ಮೊದಲು ತಂತಿ ಬಿಗಿಯುವ ಬಿರಡೆಗಳನ್ನು ಬದಲಾಯಿಸಿದ. ಆಮೇಲೆ ತಂತಿಯ ನಡುಕವನ್ನು ಹಿಡಿದು ಕರೆಂಟು ಮಾಡುವ ಪಿಕಪ್‌ಗಳು. ಆಮೇಲೆ ಒಳಗಿನ ವೈರು, ಮೇಲಿನ ಬಿಳಿ ಫಲಕದ ಬದಲು ಕಪ್ಪು ಫಲಕ. ಹಿಡಿಯ ಮೇಲಿನ ಲೋಹದ ಫ್ರೆಟ್‌ಗಳನ್ನು ಒಂದೊಂದಾಗಿ ಉಜ್ಜಿ ನುಣುಪು ಮಾಡಿದ.

"ಸಂಬಳ ಬಂದಾಗೆಲ್ಲ ಅದಕ್ಕೊಂದು ಒಡವೆ ತರ್ತಾನೆ ಮೇಡಂ," ಎಂದಳು ಅಕ್ಕ. "ನನಗೆ ಇವತ್ತಿನವರೆಗೂ ಒಂದು ಪಿನ್ನು ತಂದವನಲ್ಲ." ಬೈಯುವ ದನಿಯಲ್ಲೇ ಶುರು ಮಾಡಿದವಳು ಕೊನೆಗೆ ಮೆತ್ತಗಾದಳು. "ನಿನ್ನೆ ನಾವಿಬ್ಬರೂ ಮನೇಲಿಲ್ಲದಾಗ ಹೋಗಿದೆ, ಆಗಿನಿಂದ ಊಟ ಮುಟ್ಟಿಲ್ಲ. ಹೇಗಾದ್ರೂ ಹುಡುಕಿಕೊಡಿ."

ಇನ್ಸ್‌ಪೆಕ್ಟರಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಆದರೆ ಊಟ ಬಿಟ್ಟವರ ಮುಖ ಓದಲು ಬರುತ್ತಿತ್ತು. ಎಫ್‌ಐಆರ್ ದಾಖಲಾಯಿತು.

ಮನೆ ಎರಡನೆಯ ಮಹಡಿಯಲ್ಲಿತ್ತು. ಕೆಳಮನೆಯ ಟೈಲರ್ ಮತ್ತು ಎದುರುಮನೆಯ ಟೀಚರನ್ನು ಪಂಚರಾಗಿ ಕರೆದು ಪಂಚನಾಮೆ ಶುರು ಮಾಡಿದರು. ಬಾಗಿಲ ಬೀಗ ಸರಿಯಾಗಿತ್ತು, ಕಿಟಕಿಯ ಸರಳುಗಳೂ ಸರಿಯಾಗಿದ್ದವು. ಮೆಕ್ಯಾನಿಕ್‌ನ ಕೋಣೆಯಲ್ಲಿ ಒಂದು ಮಂಚ, ಒಂದು ಬೆಂಚು. ಬೆಂಚಿನ ಮೇಲೆ ಬೆಸುಗೆಯ ಕಡ್ಡಿ, ಲ್ಯಾಪ್‌ಟಾಪ್. ಮೂಲೆಯಲ್ಲಿ ಗಿಟಾರಿನ ಖಾಲಿ ಸ್ಟ್ಯಾಂಡು, ಪಕ್ಕದಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆ. ಅಕ್ಕನ ಚಿನ್ನದ ಓಲೆ ಹಾಲಿನ ಕನ್ನಡಿಯ ಮುಂದೆಯೇ ಇತ್ತು.

"ಬೇರೇನೂ ಹೋಗಿಲ್ವಾ?"

ಮೆಕ್ಯಾನಿಕ್ ಬೆಂಚಿನ ಕೆಳಗೆ ಬಗ್ಗಿ ನೋಡಿದ. "ಒಂದು ಬಿಸ್ಕತ್ತಿನ ಡಬ್ಬ ಇತ್ತು. ಅದೂ ಇಲ್ಲ."

"ಅದರಲ್ಲಿ?"

"ಕಸ ಮೇಡಂ. ಗಿಟಾರ್ ಜತೆ ಬಂದ ಹಳೇ ಸಾಮಾನು. ಬಿಚ್ಚಿದ್ದನ್ನೆಲ್ಲ ಅದರಲ್ಲಿ ಹಾಕಿಟ್ಟಿದ್ದೆ. ಎಸೆಯೋಕೆ ಮನಸ್ಸಾಗಿರಲಿಲ್ಲ."

"ಮನೆ ಕೀಲಿ ಯಾರ ಹತ್ರ ಇರುತ್ತೆ?"

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಹೊರಗೆ ಚಪ್ಪಲಿ ಗೂಡಿನಲ್ಲಿ ಒಂದು ಹಳೇ ಬೂಟು. ಕೀಲಿ ಅದರೊಳಗೆ. ಈಗಲೂ ಅಲ್ಲೇ ಇತ್ತು.

"ಬಾಗಿಲು ತೆಗೆದು, ಕದ್ದು, ಬೀಗ ಹಾಕಿ, ಕೀಲಿ ಇದ್ದ ಜಾಗದಲ್ಲೇ ಇಟ್ಟು ಹೋಗಿದ್ದಾನೆ," ಎಂದರು ಮೀಸೆಯಣ್ಣ. "ನಮ್ಮ ಮನೇಲಿ ನನ್ನ ಮಗನಿಗೇ ಇಷ್ಟು ಶಿಸ್ತಿಲ್ಲ."

ಎರಡು ದಿನ ಮಾಮೂಲಿನ ಕೆಲಸ ನಡೆಯಿತು. ಹಳೇ ಸಾಮಾನಿನ ಅಂಗಡಿಗಳಿಗೆಲ್ಲ ಗಿಟಾರಿನ ಫೋಟೋ ಹೋಯಿತು. ಹಿಂದೆ ಸಿಕ್ಕಿಬಿದ್ದವರನ್ನು ಕರೆಸಿ ವಿಚಾರಿಸಿದ್ದೂ ಆಯಿತು. ಯಾರ ಬಾಯಲ್ಲೂ ಸುದ್ದಿಯಿಲ್ಲ. ಗುರುವಾರ ಬೆಳಿಗ್ಗೆ ಮೆಕ್ಯಾನಿಕ್ ಓಡಿಬಂದ. ಕೈಯಲ್ಲಿ ಒಂದು ಬಟ್ಟೆಯ ಚೀಲ.

"ಬಾಗಿಲ ಹಿಡಿಗೆ ನೇತುಹಾಕಿದ್ರು ಮೇಡಂ."

ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಪತ್ರಿಕೆ ಹಾಸಿ ಚೀಲವನ್ನು ಮೆಲ್ಲಗೆ ಬರಿದು ಮಾಡಿದರು. ಅವನು ಗಿಟಾರಿಗೆ ಹಾಕಿದ್ದ ಹೊಸ ಬಿರಡೆಗಳು, ಹೊಸ ಪಿಕಪ್‌ಗಳು, ಕಪ್ಪು ಫಲಕ. ಒಂದಕ್ಕೂ ಗೀರು ಬಿದ್ದಿಲ್ಲ. ಸ್ಕ್ರೂಗಳನ್ನು ಅಳತೆಗೆ ತಕ್ಕಂತೆ ಬೇರೆ ಬೇರೆ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಲಾಗಿತ್ತು. ಪಿಕಪ್‌ಗಳನ್ನು ಸುತ್ತಿದ್ದ ಬಟ್ಟೆ ಬೂದು ಬಣ್ಣದ್ದು, ತೆಳ್ಳಗೆ, ಮೆತ್ತಗೆ. ಅದರ ಒಂದು ಅಂಚನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಲಾಗಿತ್ತು.

"ಬೆಲೆ ಬಾಳೋದನ್ನ ವಾಪಸ್ ಕೊಟ್ಟು ಕಸ ಇಟ್ಕೊಂಡಿದ್ದಾನಲ್ಲ," ಎಂದು ಮೀಸೆಯಣ್ಣ ಗಲ್ಲ ಕೆರೆದುಕೊಂಡರು. "ತಲೆ ಕೆಟ್ಟವನಾ?"

ಇನ್ಸ್‌ಪೆಕ್ಟರ್ ಬಿರಡೆಯೊಂದನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ತಲೆ ಸರಿಯಾಗೇ ಇದೆ. ಅವನಿಗೆ ಬೇಕಾಗಿದ್ದು ಇವರ ಗಿಟಾರ್ ಅಲ್ಲ. ಮೊದಲು ಹೇಗಿತ್ತೋ ಆ ಗಿಟಾರ್." ಮೆಕ್ಯಾನಿಕ್ ಕಡೆ ತಿರುಗಿದರು. "ಇದನ್ನ ಮಾರ್ತೀರಾ ಅಂತ ಯಾರಾದ್ರೂ ಕೇಳಿದ್ರಾ?"

"ಹೋದ ತಿಂಗಳು ಒಬ್ಬರು ಬಂದಿದ್ರು. ಕೊಡಲ್ಲ ಅಂದೆ. ಆದರೆ ಅವರು ಮರ್ಯಾದಸ್ಥರು ಮೇಡಂ. ತೊಂದರೆ ಕೊಟ್ಟೆ ಅಂತ ಮತ್ತೆ ಮತ್ತೆ ಕ್ಷಮೆ ಕೇಳಿದ್ರು."

"ಈ ಮಾತು ಸೋಮವಾರ ಯಾಕೆ ಹೇಳಲಿಲ್ಲ?"

"ಅಂಥವರು ಕದೀತಾರೆ ಅಂತ ಹೊಳೀಲಿಲ್ಲ."

"ಬಂದಾಗ ಬಾಗಿಲು ತೆಗೆದದ್ದು ಯಾರು?"

"ನಾನೇ. ಕೆಲಸ ಮುಗಿಸಿ ಬರ್ತಿದ್ದೆ, ಅವರು ಮೆಟ್ಟಿಲ ಹತ್ರ ಕಾಯ್ತಿದ್ರು. ನಾನು ಬೂಟಿನಿಂದ ಕೀಲಿ..." ಅವನು ಹಣೆ ಬಡಿದುಕೊಂಡ.

ಅವನು ಗಿಟಾರ್ ಕೊಂಡ ಅಂಗಡಿ ಹಳೇ ಟಿವಿ, ರೇಡಿಯೋ, ಹೊಲಿಗೆ ಮಿಷನ್ನುಗಳಿಂದ ಕಿಕ್ಕಿರಿದಿತ್ತು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು. ಮೀಸೆಯಣ್ಣ ಬಾಗಿಲಲ್ಲೇ ನಿಂತರು. ಒಣಕಲು ದೇಹದ ಅಂಗಡಿಯವನು ಕನ್ನಡಕದ ಮೇಲಿಂದ ಇನ್ಸ್‌ಪೆಕ್ಟರನ್ನು ನೋಡಿದ.

"ಆ ಗಿಟಾರ್ ನಿಮಗೆ ಮಾರಿದ್ದು ಯಾರು?"

"ಹೆಸರು ನೆನಪಿಲ್ಲ ಮೇಡಂ. ಮನುಷ್ಯ ನೆನಪಿದ್ದಾರೆ. ಚೌಕಾಸಿನೇ ಮಾಡಲಿಲ್ಲ, ನಾನು ಹೇಳಿದ್ದಕ್ಕೆ ತಲೆಯಾಡಿಸಿ ಕೊಟ್ಟುಹೋದ್ರು. ಅಂಥ ಗಿರಾಕಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ."

"ಮತ್ತೆ ಬಂದಿದ್ರಾ?"

"ಈಚೆಗೆ ಬಂದಿದ್ರು. ಯಾರಿಗೆ ಮಾರಿದೆ ಅಂತ ಕೇಳಿದ್ರು. ಲಿಫ್ಟ್ ಮೆಕ್ಯಾನಿಕ್ ಅಂತ ಮನೆ ಗುರುತು ಹೇಳಿದೆ. ತಪ್ಪಾಯ್ತಾ?"

"ಗುರುತು ಹಿಡಿಯೋಕೆ ಏನಾದ್ರೂ ಇದೆಯಾ?"

ಅಂಗಡಿಯವನು ನಕ್ಕು ತನ್ನ ಕನ್ನಡಕ ಮುಟ್ಟಿದ. "ಇದು ಆಗ ಸಡಿಲ ಆಗಿತ್ತು. ಮಾತಾಡ್ತಾ ಇದ್ದವರು ಸುಮ್ಮನೆ ಕೈ ಚಾಚಿ ತಗೊಂಡ್ರು. ಜೇಬಿನಿಂದ ಬೆರಳುದ್ದದ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿ, ಒರೆಸಿ, ಮತ್ತೆ ನನ್ನ ಮೂಗಿನ ಮೇಲೆ ಅವರೇ ಕೂರಿಸಿದ್ರು. ಅವತ್ತಿಂದ ಜಾರಿಲ್ಲ."

ಹೊರಗೆ ಬಂದಾಗ ಮೀಸೆಯಣ್ಣ ಆ ಬೂದು ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. "ನನ್ನ ಓದೋ ಕನ್ನಡಕದ ಡಬ್ಬಿಲಿ ಇಂಥದೇ ಒಂದಿದೆ ಮೇಡಂ. ಇಲ್ಲಿ ಕತ್ತರಿಸಿರೋ ಅಂಚಲ್ಲೇ ಅಂಗಡಿ ಹೆಸರು ಅಚ್ಚು ಹಾಕಿರ್ತಾರೆ."

ಆ ಸುತ್ತಮುತ್ತ ಕನ್ನಡಕದ ಅಂಗಡಿಗಳು ನಾಲ್ಕೈದಷ್ಟೇ. ಮೀಸೆಯಣ್ಣ ಮಫ್ತಿಯಲ್ಲಿ ತಮ್ಮ ಕನ್ನಡಕ ಹಿಡಿದುಕೊಂಡು ಒಂದೊಂದಕ್ಕೂ ಹೋಗಿಬಂದರು. ಮೊದಲೆರಡು ಕಡೆ ಬಟ್ಟೆಯ ಬಣ್ಣ ಬೇರೆ. ಶುಕ್ರವಾರ ಮಧ್ಯಾಹ್ನ ಮೂರನೆಯ ಅಂಗಡಿಯಿಂದ ಹೊರಬಂದವರು ಅಲ್ಲಿ ಕೊಟ್ಟ ಬೂದು ಬಟ್ಟೆಯನ್ನು ಜೀಪಿನ ಕಿಟಕಿಯಿಂದ ಒಳಗೆ ಚಾಚಿದರು. ಅದೇ ನೇಯ್ಗೆ, ಅದೇ ಮೆತ್ತನೆಯ ಸ್ಪರ್ಶ. ಕತ್ತರಿಸದ ಅಂಚಿನಲ್ಲಿ ಅಂಗಡಿಯ ಹೆಸರಿತ್ತು.

ಇನ್ಸ್‌ಪೆಕ್ಟರ್ ಒಳಗೆ ಕಾಲಿಟ್ಟಾಗ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗೋಡೆ ತುಂಬ ಖಾಲಿ ಫ್ರೇಮುಗಳು. ಗಾಜಿನ ಮೇಜಿನ ಹಿಂದೆ ಐವತ್ತರ ಆಸುಪಾಸಿನ ಒಬ್ಬಾತ, ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಬೆರಳುದ್ದದ ಸ್ಕ್ರೂಡ್ರೈವರ್. ಸಮವಸ್ತ್ರ ಕಂಡವನೇ ಕೈಯಲ್ಲಿದ್ದ ಮಸೂರವನ್ನು ಜೋಪಾನವಾಗಿ ಕೆಳಗಿಟ್ಟ.

"ಗಿಟಾರ್ ಎಲ್ಲಿದೆ?"

"ಮೇಲೆ, ಮನೇಲಿ." ದನಿ ತಗ್ಗಿತು. "ನುಡಿಸ್ತಿದ್ದಾಳೆ."

ಆಗ ಇನ್ಸ್‌ಪೆಕ್ಟರಿಗೂ ಕೇಳಿಸಿತು. ಮೇಲಿನ ಮಹಡಿಯಿಂದ ಒಂದೊಂದೇ ಸ್ವರ ಇಳಿದು ಬರುತ್ತಿತ್ತು. ಎರಡು ಹೆಜ್ಜೆ ಇಟ್ಟು ತಡೆದು ನಿಂತು, ಹಿಂದಕ್ಕೆ ಹೋಗಿ, ಮತ್ತೆ ಅಲ್ಲಿಂದಲೇ ಶುರು.

"ಯಾರು?"

"ನನ್ನ ಹೆಂಡತಿ. ಮೇಡಂ, ಅದೊಂದು ಮುಗಿಯೋವರೆಗೆ... ನಾನೆಲ್ಲೂ ಓಡಲ್ಲ."

ಮೀಸೆಯಣ್ಣ ಮೆಟ್ಟಿಲ ಕಡೆ ಹೊರಟಿದ್ದರು. ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದು, ಗಿರಾಕಿಗಳ ಕುರ್ಚಿ ಎಳೆದುಕೊಂಡು ಕೂತರು. ವಿಚಾರಣೆ ಅಲ್ಲೇ, ತಗ್ಗಿದ ದನಿಯಲ್ಲಿ ನಡೆಯಿತು.

"ಗಿಟಾರ್ ನಿಮ್ಮದಾ?"

"ಅವಳದು. ಮದುವೆಗೆ ಮುಂಚೆ, ಮೊದಲ ಸಂಬಳದಲ್ಲಿ ತಗೊಂಡದ್ದು."

"ಮತ್ತೆ ನೀವು ಯಾಕೆ ಮಾರಿದ್ರಿ?"

"ಆಕ್ಸಿಡೆಂಟಿನಲ್ಲಿ ಎಡಗೈ ಮುರೀತು. ಮೂಳೆ ಕೂಡ್ತು, ಬೆರಳು ಮಡಚಲಿಲ್ಲ. ಇನ್ನು ಆಗಲ್ಲ ಅಂದುಬಿಟ್ಟಿದ್ರು ಡಾಕ್ಟ್ರು. ಅದು ಗೋಡೇಲಿ ಕಂಡರೆ ಸಾಕು, ಎದ್ದು ಬೇರೆ ಕೋಣೆಗೆ ಹೋಗೋಳು. ಕಣ್ಣಿಗೆ ಬೀಳದ ಹಾಗೆ ಮಾಡಿ ಅಂದಳು. ಮಾರಿಬಿಟ್ಟೆ. ಒಳ್ಳೇದು ಮಾಡ್ತಿದ್ದೀನಿ ಅಂತಲೇ ಅಂದುಕೊಂಡಿದ್ದೆ."

"ಅವರಿಗೆ ಹೇಳಿದ್ರಾ?"

ಆತ ಇಲ್ಲವೆಂದು ತಲೆಯಲ್ಲಾಡಿಸಿದ. "ನಮ್ಮ ಅತ್ತಿಗೆ ಮನೆ ಅಟ್ಟದ ಮೇಲಿಟ್ಟಿದ್ದೀನಿ ಅಂದೆ. ಅವಳು ಮತ್ತೆ ಕೇಳಲೇ ಇಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಕಾಫಿ ಲೋಟ ಎಡಗೈಯಲ್ಲಿ ಎತ್ತಿ ತೋರಿಸಿದಳು. ವ್ಯಾಯಾಮ ಮಾಡಿಸೋ ಹುಡುಗಿ ಇನ್ನು ತಂತಿ ಮೇಲೆ ಬೆರಳಾಡಿಸಬಹುದು ಅಂದಳಂತೆ. 'ರೀ, ಅದನ್ನ ಇಳಿಸಿಕೊಂಡು ಬನ್ನಿ' ಅಂದಳು. ಎರಡು ವರ್ಷದಿಂದ ಆ ಮುಖದಲ್ಲಿ ನಗು ನೋಡಿರಲಿಲ್ಲ ಮೇಡಂ. ಆಗ ಹೇಗೆ ಹೇಳೋದು?"

"ಅದಕ್ಕೆ ಕೊಂಡವರ ಮನೆಗೆ ಹೋದ್ರಿ. ಅವರಿಗಾದ್ರೂ ಈ ವಿಷಯ ಹೇಳಬಹುದಿತ್ತಲ್ಲ?"

"ನಾಚಿಕೆ ಆಯ್ತು. ಗಿಟಾರ್ ಪೂರ್ತಿ ಬದಲಾಗಿತ್ತು. ಆ ಹುಡುಗ ಮಗುವನ್ನ ತೋರಿಸೋ ಹಾಗೆ ತೋರಿಸಿದ. ಹಳೇ ಸಾಮಾನೂ ಡಬ್ಬದಲ್ಲಿದೆ ನೋಡಿ ಅಂದ. ಡಬ್ಬ ನೋಡಿದ ಮೇಲೆ ನನ್ನ ಬುದ್ಧಿ ನನ್ನ ಕೈಲಿರಲಿಲ್ಲ. ಅವನು ದುಡ್ಡು ಹಾಕಿದ್ದನ್ನ ಇಟ್ಕೊಳ್ಳೋಕೆ ಮನಸ್ಸು ಬರಲಿಲ್ಲ, ವಾಪಸ್ ಕೊಟ್ಟೆ."

ಮೇಲೆ ಸದ್ದು ನಿಂತಿತು. ಇನ್ಸ್‌ಪೆಕ್ಟರ್ ಎದ್ದರು.

ಪಂಚರ ಎದುರು ಗಿಟಾರ್ ಜಪ್ತಿಯಾಯಿತು. ಬಿಳಿ ಫಲಕ, ಹಳೇ ಬಿರಡೆ, ಹಳೇ ಪಿಕಪ್. ಆಕೆ ಸೋಫಾದ ಅಂಚಿನಲ್ಲಿ ಕೂತು, ಗಂಡ ಹೇಳಿದ್ದನ್ನೆಲ್ಲ ಅಡ್ಡ ಮಾತಾಡದೆ ಕೇಳಿದಳು. ಅಳಲಿಲ್ಲ.

"ಮೊದಲ ದಿನವೇ ಏನೋ ಬೇರೆ ಅನ್ನಿಸ್ತು," ಎಂದಳು ಕೊನೆಗೆ. "ಫ್ರೆಟ್‌ಗಳೆಲ್ಲ ನುಣುಪಾಗಿತ್ತು. ಬೆರಳು ನೋಯಲಿಲ್ಲ. ನನಗೆ ಹೇಳದೆ ಯಾರ ಹತ್ರನೋ ರಿಪೇರಿ ಮಾಡಿಸಿದ್ದೀರಿ, ನನ್ನ ಕೈಗೆ ಅನುಕೂಲ ಆಗಲಿ ಅಂತ ಮಾಡಿಸಿದ್ದೀರಿ ಅಂತ... ಎಷ್ಟು ಸಂತೋಷಪಟ್ಟಿದ್ದೆ ಗೊತ್ತಾ?"

ಆಕೆ ಎದ್ದು ಗಂಡನ ಎದುರು ನಿಂತಳು.

"ಮಾರಿಬಿಟ್ಟೆ ಅಂದಿದ್ರೆ ಒಂದು ವಾರ ಮಾತು ಬಿಡ್ತಿದ್ದೆ. ಅಷ್ಟೇ ಅಲ್ವೇನ್ರೀ?"

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಮರುದಿನ ನ್ಯಾಯಾಲಯ ಜಾಮೀನು ಕೊಟ್ಟಿತು. ಕಾಗದ ಪತ್ರ ಮುಗಿದು ಗಿಟಾರ್ ಮೆಕ್ಯಾನಿಕ್‌ನ ಕೈ ಸೇರಲು ಇನ್ನೂ ಕೆಲವು ದಿನ ಹಿಡಿಯಿತು. ಅವತ್ತು ಕನ್ನಡಕದ ಅಂಗಡಿಯವನ ಹೆಂಡತಿಯೂ ಠಾಣೆಗೆ ಬಂದಿದ್ದಳು, ಒಬ್ಬಳೇ. ಮೆಕ್ಯಾನಿಕ್ ಫಲಕ ಬಿಚ್ಚಿ ಒಳಗಿನ ಬೆಸುಗೆಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಹೆಸರಿಡುವಂಥದ್ದು ಏನೂ ಸಿಗಲಿಲ್ಲ.

"ಕಾರಣ ಗೊತ್ತಿದ್ರೆ ನೀವು ಕೊಡ್ತಿದ್ರಾ?" ಆಕೆ ಕೇಳಿದಳು.

ಅವನು ಯೋಚಿಸಿದ. "ಗೊತ್ತಿಲ್ಲ ಅಕ್ಕಾ. ಸುಳ್ಳು ಯಾಕೆ ಹೇಳಲಿ."

"ಫ್ರೆಟ್ ಉಜ್ಜಿದ್ದು ನೀವೇನಾ?"

"ಹೂಂ. ಭಾನುವಾರ ಪೂರ್ತಿ ಅದೇ ಕೆಲಸ. ಬೆರಳೆಲ್ಲ ಬೊಬ್ಬೆ."

ಆಕೆ ತನ್ನ ಎಡಗೈಯ ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸಿದಳು. ಅವನು ಗಿಟಾರನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿ, ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಭಾನುವಾರ ನಾವು ನಾಲ್ಕು ಜನ ನಮ್ಮನೇಲಿ ಸೇರ್ತೀವಿ. ಇದನ್ನ ನೀವು ನುಡಿಸಿ, ನಾನು ಬೇರೇದು ಹಿಡೀತೀನಿ. ಬರೋದಾದ್ರೆ ಬನ್ನಿ."

ಆಕೆ ಬರುತ್ತೇನೆ ಎನ್ನಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಎಷ್ಟು ಗಂಟೆಗೆ ಎಂದು ಕೇಳಿದಳು.

ಅವರಿಬ್ಬರೂ ಹೋದ ಮೇಲೆ ಇನ್ಸ್‌ಪೆಕ್ಟರ್ ದೋಷಾರೋಪ ಪಟ್ಟಿ ಮುಂದಕ್ಕೆಳೆದುಕೊಂಡರು. ಕಳ್ಳತನದ ಉದ್ದೇಶ ಎಂಬಲ್ಲಿ ಮೀಸೆಯಣ್ಣ ರೂಢಿಯಂತೆ 'ಸ್ವಂತ ಲಾಭಕ್ಕಾಗಿ' ಎಂದು ಬರೆದಿದ್ದರು. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಮೇಲೆ ಬರೆದರು: 'ಹೆಂಡತಿಗೆ ಹೇಳಿದ್ದ ಒಂದು ಸುಳ್ಳನ್ನು ನಿಜ ಮಾಡುವ ಸಲುವಾಗಿ.'