ಗೌಡರ ಬಾಯಿಗೆ ಹೋಗದ ವೀಳ್ಯ

“ಬೇಡಿ ಮಾವಾ, ದಮ್ಮಯ್ಯ… ಬಾಯಿಗೆ ಹಾಕ್ಬೇಡಿ!”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಿವ್ಯ ಓಡಿ ಬಂದು ಮಾವ ಹೂವಪ್ಪಗೌಡರ ಕೈಯಿಂದ ವೀಳ್ಯವನ್ನು ಕಿತ್ತುಕೊಂಡಾಗ, ಜಗಲಿಯಲ್ಲಿ ಕೂತಿದ್ದ ಬೀಗರೆಲ್ಲ ದಂಗಾಗಿಹೋದರು. ನಾದಿನಿ ಕಾವ್ಯಳ ನಿಶ್ಚಿತಾರ್ಥದ ದಿನವೇ ಇಂಥ ಅವಾಂತರವೇ! ಭಂಡಿಗಡಿಯ ಆ ಮನೆಯಲ್ಲಿ ಸೊಸೆಯೊಬ್ಬಳು ಮಾವನ ಕೈಗೆ ಕೈ ಹಾಕಿದ್ದನ್ನು ಯಾರಾದರೂ ಕಂಡಿದ್ದುಂಟೇ?

ಆದರೆ ಪಾಪ, ಅವಳು ತಾನೇ ಏನು ಮಾಡಬೇಕಿತ್ತು? ಗೌಡರ ಕೆಳದವಡೆಯಲ್ಲಿ ನೀರುಗುಳ್ಳೆಯೊಂದು ಬೆಳೆದು ಮೂಳೆಯನ್ನು ಒಳಗೊಳಗೇ ತಿಂದುಹಾಕಿತ್ತು. ಹೀಗೇ ಬಿಟ್ಟರೆ ದವಡೆಯೇ ಮುರಿದೀತು ಎಂದಿದ್ದರು ಕೊಪ್ಪದ ದಂತವೈದ್ಯರು. ಹೋದ ವಾರವಷ್ಟೇ ಗುಳ್ಳೆ ತೆಗೆದು, ಗೌಡರ ತೋಳಿನಿಂದಲೇ ಒಂದಿಷ್ಟು ರಕ್ತ ಎಳೆದು, ಅದನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಬೇರ್ಪಟ್ಟು ಬಂದ ಮೆತ್ತನೆಯ ಹಳದಿ ಗಡ್ಡೆಯನ್ನು ಆ ಕುಳಿಗೆ ತುಂಬಿ ಹೊಲಿದಿದ್ದರು. “ಇದು ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್, ಮೂಳೆ ಬೆಳೆಯೋಕೆ ಸಹಾಯ ಮಾಡುತ್ತೆ. ಆದರೆ ಹೊಲಿಗೆ ಬಿಟ್ಟು ಹೊರಗೆ ಬಂದರೆ ಎಲ್ಲ ವ್ಯರ್ಥ. ಎಲೆಯಡಿಕೆ ಮುಟ್ಟಲೇಬಾರದು,” ಎಂದು ಒತ್ತಿ ಹೇಳಿ ಕಳಿಸಿದ್ದರು.

ಇದಕ್ಕೆ ಮಾವನನ್ನು ಒಪ್ಪಿಸಿದವಳು ದಿವ್ಯಳೇ. “ಇವರ ರಕ್ತ ಹೀರಿಸಿದೆಯಲ್ಲೇ! ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀನೇ ಹೊಣೆ,” ಎಂದು ಅತ್ತೆ ವನಜಮ್ಮ ಅಂದಿನಿಂದ ಕುಟುಕುತ್ತಲೇ ಇದ್ದರು. ಮಾವನ ಕೆನ್ನೆಯ ಊತ ನೋಡಿ ನೋಡಿ ದಿವ್ಯಳಿಗೆ ಅನ್ನ ಸೇರುತ್ತಿರಲಿಲ್ಲ.

“ಎಂಥ ಸೊಸೆ ಮಾರಾಯ್ರೆ ಇದು!” ಗಂಡಿನ ಸೋದರಮಾವ ಮಾರಪ್ಪ ಎದ್ದೇ ನಿಂತರು. “ಹಲ್ಲು ಕೀಳಿಸಿದವರೂ ಹಾಕ್ತಾರಪ್ಪ, ಒಂದು ಎಲೆಗೆ ಎಂಥ ಆಗ್ತದೆ? ಎರಡೂ ಕಡೆ ಹಿರಿಯರು ಎಲೆ ಹಾಕದೆ ಮಾತು ಗಟ್ಟಿ ಆಗ್ತದಾ? ನಮ್ಮ ಹುಡುಗ ಬೇಡಾಂತಿದ್ರೆ ನೇರ ಹೇಳಿ.”

ಕಾವ್ಯಳ ಮುಖ ಬಿಳಿಚಿಕೊಂಡಿತು. ಗೌಡರಿಗೋ, ಮಗಳ ಕಣ್ಣೀರು ನೋಡಲಾಗಲಿಲ್ಲ. “ಕೊಡು ಮಗಾ… ನನ್ನ ದವಡೆ ಹೋದ್ರೆ ಹೋಗ್ಲಿ…” ಎಂದು ಬಾಯಿ ತೆರೆಯಲಾಗದೆ ತೊದಲುತ್ತ ಕೈ ಚಾಚಿದರು.

ದಿವ್ಯ ಒಂದು ಹೆಜ್ಜೆ ಹಿಂದೆ ಸರಿದಳು. ಮುಷ್ಟಿಯನ್ನು ಮಾತ್ರ ಬಿಚ್ಚಲಿಲ್ಲ.

ಅಷ್ಟರಲ್ಲಿ ವನಜಮ್ಮ ಒಳಗಿಂದ ದಡದಡನೆ ಬಂದರು. ಮುಗಿಯಿತು, ಸೊಸೆಯ ಕೆನ್ನೆಗೆ ಬಿತ್ತು ಎಂದೇ ಎಲ್ಲರೂ ಅಂದುಕೊಂಡರು. ವನಜಮ್ಮ ಸೊಸೆಯ ಮುಷ್ಟಿ ಬಿಡಿಸಿ, ಮುದುಡಿಹೋಗಿದ್ದ ಆ ವೀಳ್ಯವನ್ನು ತಮ್ಮ ಬಾಯಿಗೇ ಹಾಕಿಕೊಂಡರು!

“ಹೆತ್ತವಳು ನಾನು. ಮಗಳನ್ನು ಕೊಡೋ ಮಾತು ನಂದೂ ಹೌದಲ್ವಾ? ಅವರ ಬಾಯಲ್ಲಿ ಹಸಿ ಗಾಯ ಇದೆ. ನಾನು ಹಾಕಿದ್ರೆ ಆಗಲ್ವಾ, ಹೇಳಿ ಅಣ್ಣಾ!”

ಮಾರಪ್ಪ ಮತ್ತೆ ಕೂತರು. ತಟ್ಟೆಯಿಂದ ತಮ್ಮ ಎಲೆ ಎತ್ತಿ ಬಾಯಿಗಿಟ್ಟುಕೊಂಡರು.

ಬೀಗರು ಊಟಕ್ಕೆ ಕೂತ ಮೇಲೆ ವನಜಮ್ಮ ಅಡುಗೆಮನೆಯಲ್ಲಿ ಸೊಸೆಯ ಕೈ ಹಿಡಿದುಕೊಂಡರು. “ನಿಜ ಹೇಳು… ಆ ಮೂಳೆ ಬರ್ತದಲ್ಲಾ ಮಗಾ?”

ಇಷ್ಟು ದಿನ ಮನೆಮಂದಿಗೆಲ್ಲ ಧೈರ್ಯ ಹೇಳಿದ್ದ ದಿವ್ಯ ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದಳು. “ಗೊತ್ತಿಲ್ಲ ಅತ್ತೆ… ಮುಂದೆ ಎಕ್ಸ್‌ರೇ ತೆಗೆಯೋವರೆಗೂ ಯಾರಿಗೂ ಗೊತ್ತಾಗಲ್ಲ. ನಂಗೆ ತುಂಬಾ ಭಯ ಆಗ್ತಿದೆ…” ಎಂದು ಬಿಕ್ಕಿದಳು.

ವನಜಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದರು. ಅವರ ಕಣ್ಣೂ ತುಂಬಿತ್ತು.

“ಇನ್ನು ಒಬ್ಳೇ ಹೆದರ್ಬೇಡ. ಇಬ್ರೂ ಸೇರಿ ಹೆದರುವ,” ಎಂದರು.