ರಾಣಿ ಹೊನ್ನಮಾಲೆಗೆ ಕಣ್ಣು ಬರೆದವಳು

"ಇದು ಆಡೋ ಗೊಂಬೆ ಅಲ್ಲ ಕಣ್ರೀ. ಗಾಜಿನ ಬೀರುವಲ್ಲಿ ಇಡೋ ಗೊಂಬೆ!"

ಆ ಮಾತು ಕೇಳಿ ಹೇಮಶ್ರೀಗೆ ಮೈಯೆಲ್ಲ ಉರಿದುಹೋಯಿತು.

ನಾಲ್ಕು ತಿಂಗಳು! ಮಿರ್ಲೆಯ ತನ್ನ ಟೈಲರಿಂಗ್ ಅಂಗಡಿಯಲ್ಲಿ ಊರವರ ಬ್ಲೌಸು ಹೊಲಿದು, ಉಳಿದ ಹೊತ್ತಿನಲ್ಲಿ ಈ ರಾಣಿ ಹೊನ್ನಮಾಲೆಯನ್ನು ಮಾಡಿದ್ದಳು. ಜರಿ ಅಂಚಿನ ಸೀರೆ, ಮುತ್ತಿನ ಬೈತಲೆ ಬೊಟ್ಟು... ಅಭಿಮಾನಿ ಬಳಗದ ಸಭೆಯಲ್ಲಿ ಎಲ್ಲರೂ ಹಾಡಿ ಹೊಗಳುತ್ತಿದ್ದಾಗ, ಎಲ್ಲಿಂದಲೋ ಬಂದ ಈ ಮನುಷ್ಯ ಗೊಂಬೆಯನ್ನು ಎತ್ತಿ ತಿರುಗಿಸಿ ನೋಡಿ ಹೀಗಂದುಬಿಟ್ಟನಲ್ಲ!

"ನೀವ್ಯಾರ್ರೀ ಹೇಳೋಕೆ?"

"ಚೆಲುವರಾಜು ಅಂತ. ಹಂಪಾಪುರ. ಪಂಪ್‌ಸೆಟ್ ರಿಪೇರಿ ಮಾಡ್ತೀನಿ."

"ಹಂಗಾದ್ರೆ ಪಂಪ್‌ಸೆಟ್ ನೋಡ್ಕೊಳ್ಳಿ. ನನ್ ರಾಣಿ ತಂಟೆಗೆ ಬರ್ಬೇಡಿ!"

ಸುತ್ತಲಿದ್ದವರು ಘೊಳ್ಳೆಂದು ನಕ್ಕರು. ಅವನೂ ನಕ್ಕ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ನಕ್ಕಾಗ ಆತ ಚೆಂದ ಕಂಡ ಎನ್ನುವುದೂ ಆ ಸಿಟ್ಟಿಗೆ ಕಾರಣ. ನಮ್ಮ ಹುಡುಗಿ ಸತ್ತರೂ ಒಪ್ಪುವುದಿಲ್ಲ ಬಿಡಿ, ನಾನು ಹೇಳುತ್ತಿದ್ದೇನೆ!

'ಏಳನೇ ಬಾಗಿಲು' ನೋಡದವರಿಗೆ ಒಂದು ಮಾತು. ಟಿ.ವಿ.ಯಲ್ಲಿ ಬರುತ್ತಿದ್ದ ಮಾಯಾಲೋಕದ ಧಾರಾವಾಹಿ ಅದು. ಅದರಲ್ಲಿ ಒಬ್ಬ ಮನುಷ್ಯನ ಮುಖವೂ ಇಲ್ಲ, ಬರೀ ಸೂತ್ರದ ಗೊಂಬೆಗಳು. ಮಕ್ಕಳಿಗೆಂದು ಶುರುವಾದದ್ದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ದೊಡ್ಡವರಿಗೆಲ್ಲ ಹುಚ್ಚು ಹಿಡಿಸಿತ್ತು. ಕಳೆದುಹೋದ ತಂಗಿಯನ್ನು ಹುಡುಕುತ್ತಾ ಆರು ಬಾಗಿಲು ದಾಟಿದ ರಾಣಿ ಏಳನೆಯದರ ಮುಂದೆ ಬಂದು ನಿಂತಳು... ಅಷ್ಟೇ! ನೋಡುವವರು ಸಾಲದು ಎಂದು ಚಾನೆಲ್‌ನವರು ನಿಲ್ಲಿಸಿಯೇಬಿಟ್ಟರು.

ಅಭಿಮಾನಿಗಳು ಸುಮ್ಮನಿರುತ್ತಾರೆಯೇ? 'ಹೊನ್ನಮಾಲೆ ಬಳಗ' ಎಂದು ವಾಟ್ಸಾಪ್ ಗುಂಪು ಕಟ್ಟಿದರು. "ಅವ್ರು ಬಾಗ್ಲು ತೆಗೀದಿದ್ರೆ ನಾವೇ ತೆಗೆಯೋಣ" ಎಂದರು. ತಿಂಗಳು ಬಿಟ್ಟು ಬರುವ ಭಾನುವಾರ ಕೆ.ಆರ್. ನಗರದ ಕಲ್ಯಾಣ ಮಂಟಪದಲ್ಲಿ ಕೊನೆಯ ಕಂತನ್ನು ತಾವೇ ಆಡಿ ತೋರಿಸುವುದೆಂದು ತೀರ್ಮಾನವಾಯಿತು. ವಿಷಯ ತಿಳಿದು ಧಾರಾವಾಹಿಯ ನಿರ್ದೇಶಕರೇ ಬರುತ್ತೇನೆಂದರು.

ಹೇಮಶ್ರೀಗೆ ಮಾತ್ರ ಇದು ಬರೀ ಆಟವಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳ ಅವ್ವ ಸುನಂದಮ್ಮ ಮಾತೇ ಬಿಟ್ಟಿದ್ದಳು. ಮೊದಲ ಸಲ ನಕ್ಕದ್ದು ಈ ಗೊಂಬೆಗಳನ್ನು ನೋಡಿ. "ರಾಣಿಗೆ ತಂಗಿ ಸಿಗ್ತಾಳಾ ಮಗಾ?" ಎಂದು ಈಗಲೂ ಕೇಳುತ್ತಿರುತ್ತಾಳೆ. ಅವ್ವನ ಕಣ್ಣೆದುರು ಆ ಬಾಗಿಲು ತೆರೆಯಬೇಕು. ಹೇಮಶ್ರೀಗೆ ಬೇಕಾಗಿದ್ದು ಅದೊಂದೇ.

ಮೊದಲ ತಾಲೀಮಿನಲ್ಲೇ ಪೆಟ್ಟು ಬಿತ್ತು. ರಾಣಿ ಕೈ ಎತ್ತಲಿಲ್ಲ, ತಲೆ ಅಲ್ಲಾಡಿಸಲಿಲ್ಲ. ಹೊಲಿಗೆಯಲ್ಲಿ ಹೇಮಶ್ರೀ ಎತ್ತಿದ ಕೈ, ಸೂತ್ರದ ವಿದ್ಯೆ ಮಾತ್ರ ಸೊನ್ನೆ!

ಚೆಲುವರಾಜು ಆಡಿಕೊಳ್ಳಲಿಲ್ಲ. ಸುಮ್ಮನೆ ಕೂತು ದಾರಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ. ಅವನ ಅಜ್ಜ ಸಣ್ಣಬೀರಯ್ಯ ಸುತ್ತೇಳು ಊರಲ್ಲಿ ಸೂತ್ರದ ಗೊಂಬೆ ಆಡಿಸಿದವರಂತೆ.

"ಜಗ್ಗಬೇಡಿ. ಬೆರಳನ್ನ ಹಗೂರ ಬುಡಿ... ಆಂ, ಹಂಗೆ!"

ರಾಣಿ ತಲೆಯೆತ್ತಿ ನೋಡಿದಳು. ಹೇಮಶ್ರೀಗೆ ಕಣ್ಣು ತುಂಬಿ ಬಂತು.

"ಥ್ಯಾಂಕ್ಸ್ ಕಣ್ರೀ... ಅವತ್ತು ಜಾಸ್ತಿ ಮಾತಾಡ್ಬುಟ್ಟೆ."

"ನಾನೇನು ಕಮ್ಮಿ ಮಾತಾಡಿದ್ನಾ?"

ಮೂರು ಭಾನುವಾರ ಹೀಗೇ ಕಳೆದವು. ಅವನು ಬರುವ ಬೈಕಿನ ಸದ್ದಿಗೆ ಅವಳ ಎದೆ ಹೊಡೆದುಕೊಳ್ಳತೊಡಗಿತು. 'ಛೀ, ಏನಿದು!' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮತ್ತೆ ಕಿವಿ ರಸ್ತೆಯ ಕಡೆಗೇ!

ಪ್ರದರ್ಶನಕ್ಕೆ ಮೂರೇ ದಿನ ಇರುವಾಗ, ಗುರುವಾರದ ತಾಲೀಮಿನಲ್ಲಿ ಪರದೆಯ ಕಂಬಿ ಕಳಚಿ ರಾಣಿಯ ಮೇಲೆ ಬಿತ್ತು. ಕತ್ತು ಸೀಳಿಹೋಯಿತು.

ಹೇಮಶ್ರೀ ಓಡಿ ಬಂದು ರಾಣಿಯನ್ನು ಮಡಿಲಿಗೆ ಎತ್ತಿಕೊಂಡಳು.

"ನಂಗೆ ಕೊಡಿ," ಎಂದ ಚೆಲುವರಾಜು. "ಭಾನುವಾರ ರಾಣಿ ಬಂದೇ ಬತ್ತಾಳೆ. ನನ್ನ ನಂಬಿ."

ನಂಬಿದಳು.

ಮಾರನೆಯ ದಿನ ಬಳಗದ ಗೆಳತಿ ಪುಷ್ಪಾ ಅಂಗಡಿಗೆ ಓಡಿ ಬಂದಳು. "ಲೇ ಹೇಮಾ... ನಿನ್ನೆ ಸಾಯಂಕಾಲ ನಿನ್ ರಾಣೀನ ಆ ಚೆಲುವರಾಜು ಹೊಳೆಗೆ ಬುಟ್ನಂತೆ ಕಣೇ! ಸ್ನಾನಘಟ್ಟದಲ್ಲಿ ನಮ್ ಅಣ್ಣ ಕಣ್ಣಾರೆ ನೋಡವ್ನೆ!"

ಹೇಮಶ್ರೀ ಕತ್ತರಿ ಕೆಳಗಿಟ್ಟಳು. ತಕ್ಷಣ ಅವನಿಗೆ ಫೋನು ಮಾಡಿದಳು.

"ರಾಣೀನ ಹೊಳೆಗೆ ಬಿಟ್ರಾ? ಹೌದೋ ಅಲ್ವೋ, ಅಷ್ಟೇ ಹೇಳಿ!"

"ಹೌದು... ಅದು ಏನಂದ್ರೆ..."

ಫೋನು ಕಟ್ ಮಾಡಿ ಬ್ಲಾಕ್ ಮಾಡಿದಳು. 'ನಂಬಿ ಅಂದ್ನಲ್ಲಾ! ನಾಲ್ಕು ತಿಂಗಳ ಬೆವರನ್ನ ನೀರಿಗೆ ಎಸೆದ್ನಲ್ಲಾ! ಇಂಥವನಿಗೋಸ್ಕರ ನಾನು ದಾರಿ ಕಾಯ್ತಿದ್ನಾ...'

ಇಡೀ ದಿನ ಅತ್ತಳು. ಶನಿವಾರ ಬೆಳಿಗ್ಗೆ ಸುನಂದಮ್ಮನಿಗೆ ನೋಡಿ ನೋಡಿ ಸಾಕಾಯಿತು.

"ಬಯ್ಯೋದಾದ್ರೆ ಎದುರಿಗೆ ನಿಂತು ಬಯ್ದು ಬಾ ಹೋಗು. ಮನೇಲಿ ಕುಂತು ಗೋಡೆಗೆ ಯಾಕೆ ಬಯ್ತೀಯ?"

ಕೆ.ಆರ್. ನಗರ, ಹುಣಸೂರು, ಕೋಟೆ... ಬಸ್ಸಿನ ಮೇಲೆ ಬಸ್ಸು ಬದಲಾಯಿಸಿ ಹಂಪಾಪುರಕ್ಕೆ ಇಳಿಯುವಷ್ಟರಲ್ಲಿ ಬೈಗುಳವೆಲ್ಲ ಬಾಯಿಪಾಠವಾಗಿತ್ತು. ಮನೆಯ ಜಗಲಿಯ ಮೇಲೆ ಬಿಳಿ ಮೀಸೆಯ ಸಣ್ಣಬೀರಯ್ಯ ಕೂತಿದ್ದರು.

"ನಿಮ್ ಮೊಮ್ಮಗ ಎಲ್ಲಿ ತಾತ? ನನ್ ಗೊಂಬೆ ಹೊಳೆಗೆ ಎಸೆದವ್ರೆ!"

ಮುದುಕ ಅವಳನ್ನು ದಿಟ್ಟಿಸಿ ನೋಡಿದರು. "ಎಸೆಯೋದಾ? ಶಿವಶಿವಾ! ಕತ್ತು ಮುರಿದ ಗೊಂಬೆಗೆ ಮೊಳೆ ಒಡೆಯಾಕಿಲ್ಲ ಕಣವ್ವಾ ನಮ್ಮನೇಲಿ. ಆಡಿದ ಜೀವ ಅದು. ಅರಿಸಿನ ಕುಂಕುಮ ಇಟ್ಟು, ಮಡ್ಲಕ್ಕಿ ಕಟ್ಟಿ, ಒಳೆಗೆ ಕಳಿಸ್ತೀವಿ. ಮನೆ ಮಗಳನ್ನ ಕಳಿಸ್ದಂಗೆ."

"ಮಡ್ಲಕ್ಕಿ ಕಟ್ಟಿ ಕಳಿಸಿದ್ರಾ?" ಎಂದಳು ಹೇಮಶ್ರೀ.

"ಅಲ್ಲ, ಇವ್ನು ನಿನ್ನ ಒಂದ್ ಮಾತು ಕೇಳ್ಲಿಲ್ವಾ?"

"ಇಲ್ಲ ತಾತ..."

"ಲೇ ರಾಜು! ಬಾರ್ಲಾ ಈಚೆಗೆ! ಎಲ್ರೂ ಗೊಂಬೆ ಮನೇಲೇ ಉಟ್ಟಿರ್ತಾರೇನ್ಲಾ?"

ಚೆಲುವರಾಜು ಹೊರಗೆ ಬಂದ. ತಲೆಯ ತುಂಬ ಮರದ ಪುಡಿ, ಎರಡು ಬೆರಳಿಗೆ ಬಟ್ಟೆಯ ಕಟ್ಟು. ಅವಳನ್ನು ಕಂಡು ಹೊಸ್ತಿಲಲ್ಲೇ ನಿಂತ.

"ಗೊಂಬೆ ಮಾಡೋರಿಗೆ ಗೊತ್ತಿರ್ತದೆ ಅನ್ಕಂಡೆ... ನಂದೇ ತಪ್ಪು. ಮೊದ್ಲು ನಿಮ್ಮನ್ನ ಕೇಳ್ಬೇಕಿತ್ತು, ಹೇಮಶ್ರೀ."

ಅವನ ಕೈಯಲ್ಲಿ ಹಾಲವಾಣದ ಮರದಲ್ಲಿ ಕೆತ್ತಿದ ಹೊಸ ರಾಣಿ ಇದ್ದಳು. ಮೈಮೇಲೆ ಹೇಮಶ್ರೀಯೇ ಹೊಲಿದ ಜರಿ ಸೀರೆ, ಅವಳೇ ಪೋಣಿಸಿದ ಬೈತಲೆ ಬೊಟ್ಟು! ಒಂದು ಮುತ್ತೂ ಹೋಗಿರಲಿಲ್ಲ. ಹಳೆಯ ಗೊಂಬೆಯನ್ನು ಅವನು ತನ್ನ ತಾಯಿಯ ರೇಷ್ಮೆ ಸೀರೆಯ ತುಂಡು ಉಡಿಸಿ ಕಳಿಸಿದ್ದ. ಆದರೆ ಈ ಹೊಸ ಮುಖದಲ್ಲಿ ಕಣ್ಣುಗಳೇ ಇರಲಿಲ್ಲ.

"ಕಣ್ಣು ಯಾಕೆ ಬರ್ದಿಲ್ಲ?"

"ಅದು ನಿಮ್ ರಾಣಿ. ಕಣ್ಣು ನೀವೇ ಬರೀಬೇಕು. ಇವತ್ತು ಮಿರ್ಲೆಗೆ ಹೊತ್ಕೊಂಡು ಬರೋನಿದ್ದೆ, ಬಾಗ್ಲಲ್ಲೇ ಓಡಿಸ್ತೀರಾ ಅಂತ ಭಯ ಆಗ್ತಿತ್ತು..."

ಬಾಯಿಪಾಠ ಮಾಡಿದ್ದ ಬೈಗುಳ ಒಂದೂ ನೆನಪಾಗಲಿಲ್ಲ. ಅವನ ಬೆರಳಿನ ಕಟ್ಟನ್ನೇ ನೋಡುತ್ತಾ ನಿಂತಳು. ಆಮೇಲೆ ಜಗಲಿಯ ಮೇಲೆ ಕೂತು, ಉಸಿರು ಬಿಗಿಹಿಡಿದು ಎರಡು ಕಣ್ಣು ಬರೆದಳು.

"ಈಗ ಉಟ್ಟಿದ್ಳು ನೋಡು, ಜೀವ ಬಂತು!" ಎಂದರು ಸಣ್ಣಬೀರಯ್ಯ.

ಭಾನುವಾರ! ಕಲ್ಯಾಣ ಮಂಟಪದಲ್ಲಿ ಸೂಜಿ ಬೀಳಲೂ ಜಾಗವಿಲ್ಲ. ಪಿರಿಯಾಪಟ್ಟಣದವರು ಟೆಂಪೋ ಮಾಡಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ನಿರ್ದೇಶಕರು, ಪಕ್ಕದಲ್ಲೇ ಸುನಂದಮ್ಮ.

ಪರದೆಯ ಹಿಂದೆ ನಿಂತು ಹೇಮಶ್ರೀ ರಾಣಿಯನ್ನು ಆಡಿಸಿದಳು. ತಂಗಿಯ ಗೊಂಬೆ ಚೆಲುವರಾಜುವಿನ ಕೈಯಲ್ಲಿತ್ತು. ರಾಣಿ ಕೈಯೆತ್ತಿ ಏಳನೇ ಬಾಗಿಲನ್ನು ತಳ್ಳಿದಳು. ಒಂದು ಸಲ... ಎರಡು ಸಲ... ಮೂರನೆಯ ಸಲ ಬಾಗಿಲು ತೆರೆಯಿತು!

ತಂಗಿ ಓಡಿ ಬಂದು ರಾಣಿಯನ್ನು ತಬ್ಬಿಕೊಂಡಳು.

"ಸಿಕ್ಕಿದ್ಳು! ಮಗಾ, ಸಿಕ್ಕಿದ್ಳು!" ಸುನಂದಮ್ಮ ಎದ್ದು ನಿಂತು ಕೂಗಿಯೇಬಿಟ್ಟಳು. ಮರುಕ್ಷಣ ಇಡೀ ಮಂಟಪವೇ ಎದ್ದಿತು. ಚಪ್ಪಾಳೆ, ಸಿಳ್ಳೆ, ಅಳು, ನಗು... ಯಾರನ್ನು ಯಾರು ತಬ್ಬಿಕೊಂಡರೋ ದೇವರಿಗೇ ಗೊತ್ತು!

ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಾ ಮೈಕು ಹಿಡಿದರು. "ನಾನು ಬರೆದಿಟ್ಟಿದ್ದ ಕೊನೆ ಇದರ ಮುಂದೆ ಸಪ್ಪೆ. ಮುಂದಿನ ಕಥೆ ನಾನು ಮಾಡೇ ಮಾಡ್ತೀನಿ. ಚಾನೆಲ್ ಒಪ್ಪದಿದ್ರೆ ಯೂಟ್ಯೂಬ್‌ನಲ್ಲಾದ್ರೂ ಸರಿ. ಆದ್ರೆ ರಾಣಿಯನ್ನ ಈ ಹೆಣ್ಮಗಳೇ ಆಡಿಸ್ಬೇಕು!"

ಹೊರಗೆ "ಹೊನ್ನಮಾಲೆಗೆ... ಜೈ!" ಎಂಬ ಕೂಗು ನಿಲ್ಲಲೇ ಇಲ್ಲ. ಪರದೆಯ ಹಿಂದೆ ಇಬ್ಬರೇ ಉಳಿದರು.

"ಗೆದ್ರಿ," ಎಂದ ಚೆಲುವರಾಜು.

"ಗೆದ್ವಿ ಅನ್ನಿ."

ಅವನು ತಲೆ ತಗ್ಗಿಸಿ ಗೊಂಬೆಯ ದಾರ ಸುತ್ತತೊಡಗಿದ. ಇವನು ಬಾಯಿ ಬಿಡುವವರೆಗೆ ಕಾದರೆ ಇನ್ನೊಂದು ಧಾರಾವಾಹಿ ಮುಗಿಯುತ್ತದೆ ಎಂದು ಹೇಮಶ್ರೀಗೆ ಖಾತ್ರಿಯಾಯಿತು. ಅವನ ಕೈ ಹಿಡಿದುಕೊಂಡಳು.

"ನಂಗೆ ನೀವು ಬೇಕು ಕಣ್ರೀ."

"ಆಂ?... ಯಾವಾಗ್ಲಿಂದ?"

"ಅದೆಲ್ಲ ಆಮೇಲೆ. ನಾನು ಬೇಕೋ ಬೇಡ್ವೋ, ಅದನ್ನ ಹೇಳಿ!"

ಚೆಲುವರಾಜು ನಕ್ಕ, ಕಣ್ಣಲ್ಲಿ ನೀರಿತ್ತು.

"ಬೇಕು ಹೇಮಾ. ಬೇಕೇ ಬೇಕು."