ತೆಳ್ಳಗಾದವಳ ತಪ್ಪು

"ನೂರಾ ಹದಿನೆಂಟು ಸೆಂಟಿಮೀಟರ್!"

ನಮ್ಮ ಉಮ್ಲಾಝಿ ಕೇರಿಯ ಟ್ಯಾಕ್ಸಿ ನಿಲ್ದಾಣದ ಆರೋಗ್ಯ ತಪಾಸಣೆಯ ಡೇರೆಯಲ್ಲಿ ಟೇಪು ಹಿಡಿದಿದ್ದ ಭೆಕಾನಿ, ಝೋದ್ವಾಳ ಸೊಂಟದಳತೆಯನ್ನು ಇಡೀ ಸಾಲಿಗೆ ಕೇಳುವಂತೆ ಕೂಗಿಬಿಟ್ಟ.

ಎದುರಿಗೇ ಗ್ವಿನ್ಯಾ ಎಂಬ ಹಿಟ್ಟಿನುಂಡೆ ಕರಿದು ಮಾರುವ ಹುಡುಗಿ ಅವಳು. ಸುಮ್ಮನಿರುತ್ತಾಳೆಯೇ?

"ಊರಿಗೆಲ್ಲ ಡಂಗುರ ಸಾರ್ತೀಯೇನೋ!"

"ಆಮೇಲೆ ಬೈಯಿರಿ, ಮೇಡಂ. ಬಿಪಿ ನೂರಾ ಎಂಬತ್ತಿದೆ. ಮನೇಲಿ ಯಾರಿಗಾದ್ರೂ ಇತ್ತಾ?"

ಅವಳ ಅಮ್ಮ ನಲವತ್ತೆಂಟಕ್ಕೇ ಲಕ್ವ ಹೊಡೆದು ಸತ್ತಿದ್ದಳು.

ಅಂದಿನಿಂದ ದಿನಾ ಬೆಳಿಗ್ಗೆ ನಡಿಗೆ, ಬಿಪಿ ಮಾತ್ರೆ, ತಿಂಗಳಿಗೊಮ್ಮೆ ಅಳತೆ. ನೂರಾ ಹನ್ನೆರಡು... ನೂರಾ ಆರು... ತೊಂಬತ್ತೇಳು! ಪ್ರತಿ ಸಲವೂ ಭೆಕಾನಿ ಹಿಗ್ಗಿಹೋಗುತ್ತಿದ್ದ. ಆ ಹಿಗ್ಗಿಗಾಗಿಯೇ ಅವಳು ಗುಡ್ಡ ಹತ್ತಿದಳು. ಇಬ್ಬರ ಮದುವೆಯ ಮಾತೂ ಬಂತು.

ಆದರೆ ನಮ್ಮ ಕೇರಿಯಲ್ಲಿ ತೆಳ್ಳಗಾದವರನ್ನು ಯಾರು ಹೊಗಳುತ್ತಾರೆ ಹೇಳಿ! ಮೈ ಇಳಿದರೆ ಎಚ್‌ಐವಿ ಎಂದೇ ತೀರ್ಮಾನ. ಭೆಕಾನಿಯ ತಾಯಿಯಂತೂ ಝೋದ್ವಾಳ ಅಂಗಡಿಗೇ ಬಂದು ನಾಲ್ಕು ಜನರೆದುರು ಅಂದಳು:

"ಮೊದಲು ಇವಳ ರಕ್ತದ ಚೀಟಿ ತೋರಿಸ್ಲಿ. ಆಮೇಲೆ ನನ್ನ ಮಗನ ಮಾತು!"

ಮರುದಿನದಿಂದ ಭೆಕಾನಿ ಬರಲಿಲ್ಲ.

'ಅವನೂ ನಂಬಿಬಿಟ್ಟನಾ...?'

ಝೋದ್ವಾ ನಡಿಗೆ ಬಿಟ್ಟಳು, ಮಾತ್ರೆ ಬಿಟ್ಟಳು. ಮತ್ತೆ ಊದಿಕೊಂಡಳು. "ಈಗ ಮೈಕೈ ತುಂಬ್ಕೊಂಡೆ ನೋಡು, ಹುಷಾರಾದೆ!" ಎಂದರು ಜನ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಅವಳಿಗೂ ಲಕ್ವ ಹೊಡೆಯಿತು. ಎಡಭಾಗವಿಡೀ ಬಿದ್ದುಹೋಯಿತು. ಮತ್ತೊಮ್ಮೆ ಬಂದರೆ ಉಳಿಯುವುದಿಲ್ಲ ಎಂದರು ವೈದ್ಯರು.

ಸುದ್ದಿ ಕೇಳಿ ಓಡಿಬಂದ ಭೆಕಾನಿ ಮಂಚದ ಪಕ್ಕ ಕುಸಿದು ಅವಳ ಕೈ ಹಿಡಿದುಕೊಂಡ.

"ಒಂದು ದಿನವೂ ನಂಬ್ಲಿಲ್ಲ ಝೋದ್ವಾ! ನಿನ್ನ ಹತ್ರ ಚೀಟಿ ಕೇಳೋಕೆ ಬಾಯಿ ಬರ್ಲಿಲ್ಲ, ಅಮ್ಮನಿಗೆ ಎದುರಾಡೋಕೆ ಧೈರ್ಯ ಬರ್ಲಿಲ್ಲ. ತಲೆ ತಪ್ಪಿಸ್ಕೊಂಡು ತಿರುಗಿದೆ... ಹೇಡಿ ನಾನು!"

"ಕೇಳಿದ್ರೆ ಕೊಡ್ತಿದ್ದೆ ಕಣೋ. ನನಗೇನೂ ಇರ್ಲಿಲ್ಲ." ಅವಳ ನಾಲಗೆ ತೊದಲುತ್ತಿತ್ತು. "ಬಿಪಿಗೆ ಹೆದರಿ ನಡೆದೆ ಅಂದ್ಕೊಂಡ್ಯಾ? ನೀನು ಖುಷಿಪಡ್ತೀಯ ಅಂತ ನಡೆದೆ. ನೀನೇ ಬರ್ಲಿಲ್ಲ... ಇಳಿದು ಯಾರಿಗೆ ತೋರಿಸ್ಲಿ?"

ಅವನು ಬಿಕ್ಕಿಬಿಕ್ಕಿ ಅತ್ತ.

"ಮದುವೆ ಆಗೋಣ. ಈ ವಾರವೇ."

"ಎಷ್ಟು ದಿನ ಇರ್ತೀನೋ ಗೊತ್ತಿಲ್ಲ..."

"ಇರೋಷ್ಟು ದಿನ ನಿನ್ನ ಬಿಟ್ಟು ಹೋಗಲ್ಲ."

ಅವಳು ಬಲಗೈಯಿಂದ ಮಂಚದ ಅಂಚನ್ನು ತಟ್ಟಿದಳು.

"ಹಾಗಾದ್ರೆ ಈ ಬಲಗಡೆ ಬಂದು ಕೂತ್ಕೊ, ಭೆಕಾನಿ. ಆ ಕೈ ಹಿಡ್ಕೊಂಡ್ರೆ ನಂಗೆ ಗೊತ್ತೇ ಆಗಲ್ಲ."